ನಮ್ಮ ಬೀದಿಯ ಸರಾಸರಿ ಎತ್ತರ

ನೆಲದ ಎತ್ತರ ತಗ್ಗುಗಳನ್ನು ಕೇಳಿ ತಿಳಿಯುವುದು ನನ್ನ ಉದ್ಯೋಗ. ನೆಲವನ್ನೇ ಕೇಳುತ್ತೇನೆ ಅಂದುಕೊಳ್ಳಬೇಡಿ, ಡೇಟಾಬೇಸನ್ನು ಕೇಳುತ್ತೇನೆ. ವೈಟ್‌ಫೀಲ್ಡಿನ ಆರನೇ ಮಹಡಿಯಲ್ಲಿ, ಒಂದು ಕಿಟಕಿಯನ್ನೂ ತೆರೆಯಲಾಗದ ಕಟ್ಟಡದೊಳಗೆ ಕೂತು ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಅಷ್ಟು ವರ್ಷದಲ್ಲಿ ನನ್ನ ಚಪ್ಪಲಿಗೆ ಮಣ್ಣು ಅಂಟಿದ್ದರೆ ಅದು ಪಾರ್ಕಿಂಗಿನ ಮಣ್ಣು.

ಹೋದ ವರ್ಷ ನಮಗೊಂದು ದೊಡ್ಡ ಕೆಲಸ ಬಂತು. ವಿಮಾನದಿಂದ ಲೇಸರ್ ಹಾಯಿಸಿ ಊರಿನ ನೆಲವನ್ನೆಲ್ಲ ಅಳೆದಿದ್ದರು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಪ್ರತಿ ಚೌಕಕ್ಕೂ ಒಂದೊಂದು ಎತ್ತರದ ಸಂಖ್ಯೆ. ಅಂಥ ಕೋಟಿಗಟ್ಟಲೆ ಚೌಕಗಳನ್ನು ಹೋಳು ಮಾಡಿ ಡೇಟಾಬೇಸಿನಲ್ಲಿ ಜೋಡಿಸಿಟ್ಟು, ಪಕ್ಕದ ಮುಖ್ಯರಸ್ತೆಗಿಂತ ಒಂದೂವರೆ ಅಡಿಗೂ ಹೆಚ್ಚು ತಗ್ಗಿರುವ ಬೀದಿಗಳು ಯಾವುವು ಎಂದು ಕೇಳಬೇಕು. ಬಂದ ಉತ್ತರವೇ ಪಟ್ಟಿ. ಪಟ್ಟಿಯಲ್ಲಿರುವ ಬೀದಿಗೆ ಮಳೆಗಾಲದೊಳಗೆ ಹೊಸ ಚರಂಡಿ. ಇಲ್ಲದ ಬೀದಿಗೆ ದೊಡ್ಡ ನಮಸ್ಕಾರ.

ಮಹದೇವಪುರದ ನಮ್ಮ ಬೀದಿ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಎರಡೂ ಕಡೆ ಲಾರಿಗಟ್ಟಲೆ ಮಣ್ಣು ಸುರಿದು ಎತ್ತರಿಸಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಮುಖ್ಯರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಅದೂ ಮೇಲೆದ್ದಿದೆ. ನಡುವೆ ನಮ್ಮ ಬೀದಿ ಮಾತ್ರ ಇದ್ದಲ್ಲೇ ಇದೆ. ಜೋರು ಮಳೆ ಬಂದರೆ ಚರಂಡಿ ನೀರು ಸೀದಾ ನಮ್ಮ ಮನೆಯ ನೀರಿನ ಸಂಪಿನೊಳಕ್ಕೆ.

ನನ್ನ ಮಾವ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವರಿಗೆ ಊಟ ಸೇರುವುದಿಲ್ಲ. ಒಂದು ಭಾನುವಾರ, ಮೇಸ್ತ್ರಿಗಳು ಮಟ್ಟ ನೋಡುವ ನೀರು ತುಂಬಿದ ಪೈಪನ್ನು ಎಲ್ಲಿಂದಲೋ ತಂದು ಅದರ ಒಂದು ತುದಿಯನ್ನು ನನ್ನ ಕೈಗಿತ್ತರು.

"ಮಾವ, ವಿಮಾನದಿಂದ ಅಳೆದಿರೋದು ನಮ್ಮ ಆಫೀಸ್‌ನಲ್ಲೇ ಇದೆ. ಈ ಪೈಪ್ ಯಾಕೆ?" ಅಂದೆ, ನಗು ತಡೆಯಲಾಗದೆ.

"ವಿಮಾನ ಮೇಲಿರತ್ತಮ್ಮ. ನೀರು ಕೆಳಗಿರತ್ತೆ. ಅಲ್ಲಾಡ್ದೆ ಹಿಡ್ಕೋ," ಅಂದರು.

ಮುಖ್ಯರಸ್ತೆಗಿಂತ ನಮ್ಮ ಬೀದಿ ಎಷ್ಟು ತಗ್ಗು ಎಂದು ಬಂದ ಲೆಕ್ಕ ಎರಡಡಿ ಮೂರಿಂಚು. ಅದನ್ನು ಬರೆದು, ಬೀದಿಯವರೆಲ್ಲರ ಸಹಿ ಹಾಕಿಸಿ, ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟು ಬಂದರು.

ಅದೇ ವಾರ ನಮ್ಮ ಆಫೀಸಿನಲ್ಲಿ ಡೆಮೋ. ಕೆಲಸ ಕೊಟ್ಟ ಇಲಾಖೆಯವರು ಬರುವವರಿದ್ದರು. ಹಿಂದಿನ ದಿನ ನೋಡಿದರೆ, ಒಂದು ವಾರ್ಡಿನ ತಗ್ಗು ಬೀದಿಗಳನ್ನು ಕೇಳಿದರೆ ಉತ್ತರ ಬರಲು ಹನ್ನೊಂದು ನಿಮಿಷ. ನಮ್ಮ ಮ್ಯಾನೇಜರ್‌ಗೆ ಜೀವವೇ ಬಾಯಿಗೆ ಬಂತು.

"ಅವ್ರ ಮುಂದೆ ಸ್ಕ್ರೀನ್ ಮೇಲೆ ಚಕ್ರ ಸುತ್ತುತ್ತಾ ಕೂತ್ರೆ ನಮ್ ಮರ್ಯಾದೆ ಏನಾಗ್ಬೇಕು ಮೇಡಂ? ಏನಾದ್ರೂ ಮಾಡಿ, ಟಕ್ ಅಂತ ಬರ್ಬೇಕು."

ಮಾಡಿದೆ. ಅಕ್ಕಪಕ್ಕದ ನೂರಾರು ಚೌಕಗಳನ್ನು ಸೇರಿಸಿ, ಅವುಗಳ ಸರಾಸರಿ ತೆಗೆದು, ಒಂದೇ ದೊಡ್ಡ ಚೌಕ ಮಾಡಿದ ನಕಲು ಪ್ರತಿಯೊಂದು ಇರುತ್ತದೆ. ಅದು ಇರುವುದು ನಕ್ಷೆಯನ್ನು ದೂರದಿಂದ ನೋಡಲಿಕ್ಕೆ, ಪ್ರಶ್ನೆ ಕೇಳಲಿಕ್ಕಲ್ಲ. ಸಾರು ಪಾಯಸ ಎರಡನ್ನೂ ಒಂದೇ ಪಾತ್ರೆಗೆ ಸುರಿದು ರುಚಿ ನೋಡಿದ ಹಾಗೆ ಅದು. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಹೊಸಬರಿಗೆ ಪಾಠ ಹೇಳಿಕೊಡುವವಳೇ ನಾನು. ಆದರೂ ಪ್ರಶ್ನೆಯನ್ನು ಆ ನಕಲಿನತ್ತ ತಿರುಗಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಇಲಾಖೆಯವರು ಚಪ್ಪಾಳೆ ತಟ್ಟಿದರು. ನನಗೊಂದು ಗಾಜಿನ ಫಲಕವೂ ಸಿಕ್ಕಿತು. ಡೆಮೋ ಮುಗಿದ ಮೇಲೆ ಹಳೆಯದಕ್ಕೆ ವಾಪಸ್ ತಿರುಗಿಸಬೇಕು ಎನ್ನುವುದು ಯಾರಿಗೂ ನೆನಪಾಗಲಿಲ್ಲ, ಗಾಜಿನ ಫಲಕದವಳಿಗೂ.

ತಿಂಗಳ ನಂತರ ಮಾವನ ಅರ್ಜಿಗೆ ಉತ್ತರ ಬಂತು. ತಮ್ಮ ಬೀದಿ ತಗ್ಗಿನಲ್ಲಿಲ್ಲ, ನಕ್ಷೆ ಲಗತ್ತಿಸಿದೆ. ಬಣ್ಣದ ನಕ್ಷೆಯಲ್ಲಿ ನಮ್ಮ ಬೀದಿ ಹಚ್ಚಹಸಿರು. ಮಾವ ಕನ್ನಡಕ ಏರಿಸಿ, ಮೂಲೆಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿದರು. 'ತಯಾರಿಸಿದವರು' ಎಂಬುದರ ಮುಂದೆ ನನ್ನ ಹೆಸರಿತ್ತು.

"ಇದು ನೀನೇ ಅಲ್ವೇನಮ್ಮ?"

ನಾಚಿಕೆಯಿಂದ ಸತ್ತೇ ಹೋದೆ. ಮರುದಿನ ಆಫೀಸಿಗೆ ಹೋದವಳೇ ಮೂಲ ಡೇಟಾವನ್ನು ಕೇಳಿದೆ. ಅದು ನಿಧಾನವಾಗಿ, ತನ್ನ ಹನ್ನೊಂದು ನಿಮಿಷ ತೆಗೆದುಕೊಂಡು ಹೇಳಿತು, ಅರವತ್ತೊಂಬತ್ತು ಸೆಂಟಿಮೀಟರ್ ತಗ್ಗು. ಅಡಿ ಇಂಚಿಗೆ ತಿರುಗಿಸಿದರೆ ಅದೇ ಎರಡಡಿ ಮೂರಿಂಚು. ವಿಮಾನವೂ ಬೇಕಿರಲಿಲ್ಲ, ಮಾವನ ಪೈಪೇ ಸಾಕಿತ್ತು. ಎರಡೂ ಬದಿಯ ಎತ್ತರಿಸಿದ ಸೈಟುಗಳ ಜೊತೆ ಸರಾಸರಿಗೆ ಬಿದ್ದು ನಮ್ಮ ಬೀದಿ ಹಾಗೇ ಕರಗಿಹೋಗಿತ್ತು. ಹಾಗೆ ಕರಗಿದ ಬೀದಿಗಳು ಇನ್ನೂ ಎಷ್ಟೋ ಇದ್ದವು.

ಮ್ಯಾನೇಜರ್ ಕೇಳಿ ಬೆವರಿದರು. "ಲಿಸ್ಟ್ ಹೋಗ್ಬಿಟ್ಟಿದೆ ಕಣ್ರೀ. ಈಗ ತಪ್ಪು ಅಂದ್ರೆ ಡೆಮೋನೇ ತಪ್ಪು ಅಂತಾಗತ್ತೆ. ಮುಂದಿನ ವರ್ಷನ್‌ನಲ್ಲಿ ಸರಿ ಮಾಡೋಣ ಬಿಡಿ."

ಮೈಯೆಲ್ಲ ಉರಿಯಿತು. ಆದರೆ ನಾನು ಮಾಡಿದ್ದೇನು? ಇಲಾಖೆಗೆ ಒಂದು ಮೇಲ್ ಕಳಿಸಿದೆ. ಅದರಲ್ಲಿ 'ತಪ್ಪು' ಎಂಬ ಮಾತನ್ನೇ ಹಾಕಲಿಲ್ಲ, 'ಪಟ್ಟಿಯಲ್ಲಿ ಸಣ್ಣದೊಂದು ಸುಧಾರಣೆ' ಅಂತ ಬರೆದೆ. ಸಣ್ಣ ಸುಧಾರಣೆಯನ್ನು ಯಾರು ತೆರೆದು ಓದುತ್ತಾರೆ? ನಾನೇ ಆಗಿದ್ದರೂ ಓದುತ್ತಿರಲಿಲ್ಲ. ಸಂಜೆ ಮಾವನಿಗೆ, "ಮೇಲ್ ಹಾಕಿದೀನಿ ಮಾವ," ಅಂದೆ. ಅವರು "ಹೂಂ" ಅಂದು ಟೀವಿ ಕಡೆ ತಿರುಗಿದರು.

ಚರಂಡಿ ಬರಲಿಲ್ಲ. ಮಳೆ ಬಂತು. ಒಂದು ಮಧ್ಯಾಹ್ನ ಎರಡು ಗಂಟೆ ಸುರಿದದ್ದಕ್ಕೇ ಸಂಪು ತುಂಬಿ, ಹೊಸ್ತಿಲು ದಾಟಿ, ಹಾಲ್‌ನೊಳಗೆ ಕಪ್ಪು ನೀರು. ಫ್ರಿಜ್ ಕೆಟ್ಟಿತು. ಮಾವ ಇಡೀ ಕೆಲಸದ ಬದುಕಿನ ಉಪಕರಣಗಳನ್ನು ಮಂಚದ ಕೆಳಗೆ ಮರದ ಪೆಟ್ಟಿಗೆಯಲ್ಲಿ ಎಣ್ಣೆ ಹಚ್ಚಿ ಇಟ್ಟಿದ್ದರು, ಅದು ಪೂರ್ತಿ ಮುಳುಗಿತು.

ನೀರಿಳಿದ ಮೇಲೆ ಅವರು ಉಪಕರಣಗಳನ್ನು ಒಂದೊಂದಾಗಿ ಒರೆಸಿದರು. ಆಮೇಲೆ ಅದೇ ಪೆಟ್ಟಿಗೆಯಿಂದ ಸ್ಟೀಲ್ ಸ್ಕೇಲ್ ತೆಗೆದು, ಹಾಲ್‌ನ ಗೋಡೆಯ ಮೇಲೆ ನೀರು ನಿಂತ ಗುರುತನ್ನು ಅಳೆದು, ಪೆನ್ಸಿಲಿನಿಂದ ನೇರ ಗೆರೆ ಎಳೆದರು. ಪಕ್ಕದಲ್ಲಿ ದುಂಡಗೆ ಬರೆದರು: ಹದಿನಾಲ್ಕು ಇಂಚು. ಆಮೇಲೆ ಪೆನ್ಸಿಲನ್ನು ನನ್ನತ್ತ ಚಾಚಿದರು.

"ತಯಾರಿಸಿದವರು ಅಂತ ಬರ್ದು ನಿನ್ನ ಹೆಸ್ರು ಹಾಕಮ್ಮ."

ಹಾಕಿದೆ.