ಬುಧವಾರಕ್ಕೆ ಮೊದಲಿನ ಮೂರು ದಿನ

ನನಗೆ ಸಿಟ್ಟು ಬೇಗ ಬರುತ್ತದೆ. ಮೂರ್ಛೆರೋಗದ ಡಾಕ್ಟರಿಗೆ ಇರಬಾರದ ಗುಣ ಅದು, ಆದರೆ ಇದೆ, ಏನು ಮಾಡುವುದು? ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗದವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಮಣಿಪಾಲದ ನನ್ನ ಕೋಣೆಯಲ್ಲಿ ಬುಧವಾರ ಬಂತೆಂದರೆ ಅರ್ಧ ದಿನ ಇದೇ ಬೈಗುಳ. ಮದುವೆಮನೆಗೆ ಹೋಗಿ ಮಾತ್ರೆ ಮರೆತವರಿಗೆ, ಎರಡು ತಿಂಗಳು ಫಿಟ್ಸ್ ಬರಲಿಲ್ಲವೆಂದು ತಾವೇ ಡಾಕ್ಟರಾಗಿ ಔಷಧಿ ನಿಲ್ಲಿಸಿದವರಿಗೆ.

ಕಾಪುವಿನ ಒಳಗಡೆಯಿಂದ ಬರುತ್ತಿದ್ದ ಬಾಯಮ್ಮನನ್ನು ಮಾತ್ರ ನಾನು ಬೈದದ್ದೇ ಇಲ್ಲ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು; ನಮ್ಮ ಕಡೆ ಎಲ್ಲರೂ ಕರೆಯುವಂತೆ ನಾನೂ ಬಾಯಮ್ಮ ಎನ್ನುತ್ತಿದ್ದೆ. ಮನೆಯ ಸುತ್ತ ಮಲ್ಲಿಗೆ ಗಿಡ ಹಾಕಿಕೊಂಡಿದ್ದರು. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಕಟ್ಟಿ, ವ್ಯಾಪಾರಿ ಬರುವ ಹೊತ್ತಿಗೆ ಬುಟ್ಟಿ ತಯಾರಿರಬೇಕು. ತಡವಾದರೆ ಆ ದಿನದ ಹೂವೆಲ್ಲ ದಂಡ. ಅಂಥ ಶಿಸ್ತಿನ ಹೆಂಗಸು ಮಗಳ ಮಾತ್ರೆ ಮರೆಯುತ್ತಾರೆಯೇ? ಮಗಳು ಇಪ್ಪತ್ತನಾಲ್ಕರವಳು, ಎರಡನೇ ಕ್ಲಾಸಿನ ಟೀಚರ್. ಫಿಟ್ಸ್ ಬಂದ ದಿನ, ಗಂಟೆ, ಎಷ್ಟು ಹೊತ್ತು ಇತ್ತು ಎಂಬುದನ್ನೆಲ್ಲ ತಾಯಿ ಒಂದು ನೋಟ್ ಪುಸ್ತಕದಲ್ಲಿ ದುಂಡಗೆ ಬರೆದು ತರುತ್ತಿದ್ದರು. ಅದನ್ನು ಬೇರೆಯವರಿಗೆ ತೋರಿಸಿ, "ನೋಡಿ ಕಲಿಯಿರಿ" ಎನ್ನುತ್ತಿದ್ದೆ.

ಆದರೂ ಫಿಟ್ಸ್ ನಿಲ್ಲಲಿಲ್ಲ. ಎರಡು ತಿಂಗಳಿಗೊಮ್ಮೆ ಬರುವಾಗ ಪುಸ್ತಕದಲ್ಲಿ ಹೊಸದಾಗಿ ಒಂದೋ ಎರಡೋ ಇದ್ದೇ ಇರುತ್ತಿತ್ತು. ನಾನು ಒಂದು ಬಗೆಯ ಮಾತ್ರೆಯನ್ನು ಎರಡು ಮಾಡಿದೆ, ಎರಡನ್ನು ಮೂರು ಮಾಡಿದೆ. ಹುಡುಗಿ ಪಾಠ ಮಾಡುತ್ತಲೇ ತೂಕಡಿಸುವಂತಾಗಿ ಶಾಲೆ ಬಿಟ್ಟಳು. ಹೀಗೆ ಎರಡು ವರ್ಷ ಕಳೆದು, ಉಳಿದದ್ದು ಶಸ್ತ್ರಚಿಕಿತ್ಸೆಯೊಂದೇ ಎಂದು ತೀರ್ಮಾನಿಸಿದೆವು. ಮಿದುಳಿನ ಎಡಭಾಗದಲ್ಲಿ ಸಣ್ಣ ಕಲೆಯಿತ್ತು. ಅದನ್ನು ತೆಗೆದರೆ ಫಿಟ್ಸ್ ನಿಲ್ಲಬಹುದು. ಆದರೆ ಮಾತಿನ ಜಾಗವೂ ಅದರ ಪಕ್ಕದಲ್ಲೇ. ಗೊತ್ತಿರುವ ಹೆಸರುಗಳೂ ಬಾಯಿಗೆ ಬಾರದೆ ಹೋಗಬಹುದು ಎಂದು ನೇರವಾಗಿಯೇ ಹೇಳಿದೆ.

"ಮತ್ತೆ ಪಾಠ ಮಾಡ್ಲಿಕ್ಕೆ ಆಗ್ತದಾ ಡಾಕ್ಟ್ರೇ?" ಎಂದು ಹುಡುಗಿ ಕೇಳಿದಳು. ಹೇಳಲು ಬರುವುದಿಲ್ಲ ಎಂದೆ. ಆದರೂ ಒಪ್ಪಿದಳು.

ಶಸ್ತ್ರಚಿಕಿತ್ಸೆಗೆ ಹತ್ತು ದಿನ ಇದ್ದಾಗ, ರಕ್ತದಲ್ಲಿ ಔಷಧಿಯ ಪ್ರಮಾಣ ಎಷ್ಟಿದೆ ಎಂದು ನೋಡಿಸಿದೆ. ಮೂರು ಬಗೆಯ ಮಾತ್ರೆ ನುಂಗುವವಳ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ! ನನ್ನ ಪಿತ್ತ ನೆತ್ತಿಗೇರಿತು.

"ಎಂತದು ಬಾಯಮ್ಮ ಇದು? ನಿಮ್ಮನ್ನು ನಂಬಿ ನಾನು ಇವಳ ತಲೆ ತೆರೆಸಲಿಕ್ಕೆ ಹೊರಟಿದ್ದೇನೆ. ಮಾತ್ರೆ ಕೊಡುವುದಿಲ್ವಾ ನೀವು?"

ಬಾಯಮ್ಮನ ಮುಖ ಕೆಂಪಾಯಿತು. "ಅಯ್ಯೋ ದೇವರೇ, ಒಂದು ಹೊತ್ತು ತಪ್ಪಿಸಿದವಳಲ್ಲ ನಾನು! ಇಲ್ಲಿಗೆ ಬರುವ ಮೊದಲಿನ ಮೂರು ದಿನ ಮಾತ್ರ ಕೊಡುವುದಿಲ್ಲ, ಅಷ್ಟೇ."

"ಮೂರು ದಿನ ಯಾಕೆ ಕೊಡುವುದಿಲ್ಲ?"

"ನೀವೇ ಹೇಳಿದ್ದಲ್ವಾ? ಮೊದಲ ಸಲ ವಾರ್ಡಿನಲ್ಲಿ ತಲೆಗೆ ವಯರ್ ಹಾಕಿ ಮಲಗಿಸಿದಾಗ. ಮಾತ್ರೆ ನಿಲ್ಲಿಸಬೇಕು, ಫಿಟ್ಸ್ ಬಂದರೆ ಮಾತ್ರ ನಮಗೆ ಸರಿ ಗೊತ್ತಾಗ್ತದೆ ಅಂತ. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರ್ಲಿಕ್ಕೆ ಹೇಳ್ತಾರಲ್ಲ, ಹಾಗೆ. ಮಾತ್ರೆ ತಿಂದು ಚೆನ್ನಾಗಿರುವವಳನ್ನು ಕರ್ಕೊಂಡು ಬಂದರೆ ನಿಮಗೆ ನೋಡ್ಲಿಕ್ಕೆ ಎಂತ ಉಂಟು?"

ಹೌದು, ಹೇಳಿದ್ದೆ. ಕ್ಯಾಮೆರಾ, ನರ್ಸು ಎಲ್ಲ ಇರುವ ವಾರ್ಡಿನಲ್ಲಿ ಫಿಟ್ಸನ್ನು ದಾಖಲಿಸಲೆಂದು ಕೆಲವು ದಿನ ಮಾತ್ರೆ ನಿಲ್ಲಿಸುವುದು ನಮ್ಮ ಪದ್ಧತಿ. ಅದು ಆ ಕೆಲವು ದಿನಕ್ಕೆ ಮಾತ್ರ ಎಂದು ಹೇಳಲು ಅವಸರದಲ್ಲಿ ಮರೆತಿದ್ದೆ. ಪುಸ್ತಕ ಎಳೆದುಕೊಂಡು ನೋಡಿದೆ. ಸೋಮವಾರ. ಮಂಗಳವಾರ. ಮಂಗಳವಾರ. ಸೋಮವಾರ. ಎಲ್ಲವೂ ನನ್ನ ಬುಧವಾರದ ಹಿಂದಿನ ದಿನಗಳೇ. ಅವುಗಳ ಪಕ್ಕದಲ್ಲಿ ನನ್ನದೇ ಅಕ್ಷರ: "ಆಸ್ಪತ್ರೆಗೆ ಬರುವ ಆತಂಕದಿಂದ." ಥೂ, ನನ್ನ ಓದಿಗಿಷ್ಟು ಬೆಂಕಿ ಹಾಕ!

"ಹಾಗಾದ್ರೆ ಉಳಿದ ದಿನ ನನಗೆ ಫಿಟ್ಸ್ ಬರ್ತಾನೇ ಇರ್ಲಿಲ್ಲ, ಅಲ್ವಾ?" ಹುಡುಗಿ ನಿಧಾನವಾಗಿ ಕೇಳಿದಳು.

ಇನ್ನು ಹತ್ತೇ ದಿನ. ಈ ಪ್ರಶ್ನೆ ಕೇಳಿದ ಅವಳ ಮಾತಿಗೇ ನಾವು ಕತ್ತಿ ಇಡಲಿದ್ದೆವು.

"ನಾನೇ ಬರಿಸಿದ್ದಾ ಡಾಕ್ಟ್ರೇ?" ಎಂದರು ಬಾಯಮ್ಮ.

"ನೀವಲ್ಲ, ನಾನು" ಎಂದೆ. ಇಷ್ಟು ವರ್ಷದ ವೃತ್ತಿಯಲ್ಲಿ ರೋಗಿಯ ಎದುರು ಅತ್ತದ್ದು ಅವತ್ತೊಂದೇ ದಿನ.

ಶಸ್ತ್ರಚಿಕಿತ್ಸೆ ನಡೆಯಲಿಲ್ಲ. ಒಂದೊಂದಾಗಿ ಇಳಿಸುತ್ತಾ ಬಂದು ಈಗ ಒಂದೇ ಬಗೆಯ ಮಾತ್ರೆ. ಹುಡುಗಿ ಮತ್ತೆ ಎರಡನೇ ಕ್ಲಾಸಿಗೆ ಪಾಠ ಮಾಡುತ್ತಾಳೆ. ಆದರೆ ಅವತ್ತು ಅಷ್ಟಕ್ಕೇ ಮುಗಿಯಲಿಲ್ಲ. ಬಾಗಿಲ ತನಕ ಹೋದ ಬಾಯಮ್ಮ ತಿರುಗಿ ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಡಾಕ್ಟ್ರೇ, ಹೊರಗೆ ಬೆಂಚಿನಲ್ಲಿ ಕೂತವರಿಗೂ ನಾನು ಹೇಳಿಕೊಟ್ಟಿದ್ದೇನೆ. ಹೊಸಬರು, ಪಾಪ, ಕೇಳ್ತಾರೆ."

ನಾನು ಎದ್ದು ಹೊರಗೆ ಹೋದೆ. ಕಾರ್ಕಳದವರು, ಹಿರಿಯಡ್ಕದವರು, ಉಚ್ಚಿಲದವರು, ಬೆಂಚು ತುಂಬ ಜನ. ಇಲ್ಲಿಗೆ ಬರುವುದಕ್ಕೆಂದು ಮಾತ್ರೆ ನಿಲ್ಲಿಸಿದವರು ಕೈ ಎತ್ತಿ ಎಂದೆ. ಬೈಯುತ್ತೇನೆಂಬ ಹೆದರಿಕೆ ಯಾರಿಗೂ ಇದ್ದಂತಿರಲಿಲ್ಲ. ಒಂದು, ಎರಡು, ಮೂರು ಕೈಗಳು ಮೇಲೆದ್ದವು. ಕೊನೆಯಲ್ಲಿ ಕೂತಿದ್ದ ತಾಯಿಯೊಬ್ಬಳು ತನ್ನ ಮಡಿಲಲ್ಲಿ ನಿದ್ದೆ ಹೋಗಿದ್ದ ಮಗುವಿನ ಕೈಯನ್ನು ಮೆಲ್ಲಗೆ ಎತ್ತಿ ಹಿಡಿದಳು.