ಮಕ್ಕಳ ಕಿವಿಗಾಗಿ ಕೋಣೆ ಹುಡುಕುವ ಜಯಮಾಲಾ

ರಾವೂರಿನ ಶಾಲೆಯ ಹಿಂಬದಿಯ ಕೋಣೆಗೆ ಇನ್ನೂ ಬೆಳಕು ಸರಿಯಾಗಿ ಬಂದಿಲ್ಲ. ಜಯಮಾಲಾ ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಒಂದು ಸ್ಟ್ಯಾಂಡ್ ನಿಲ್ಲಿಸಿ, ಅದರ ತುದಿಗೆ ಬೆರಳುದ್ದದ ಮೈಕ್ ಸಿಕ್ಕಿಸುತ್ತಾರೆ. ಕುರ್ಚಿಯಲ್ಲಿ ಕೂತ ಮಗುವಿನ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರ. ಫ್ಯಾನು, ಟ್ಯೂಬ್‌ಲೈಟು ಎಲ್ಲ ಬಂದ್. ಕಿಟಕಿಗಳ ಚಿಲಕ ಹಾಕಿದ ಮೇಲೆ ಕೈಬಳೆಗಳನ್ನೂ ಬಿಚ್ಚಿ ಚೀಲದಲ್ಲಿಡುತ್ತಾರೆ.

ಮೈಕಿನ ಮೂತಿಗೆ ಒಂದು ಪುಟ್ಟ ಡಬ್ಬಿ ತೊಡಿಸುತ್ತಾರೆ. ಒಂದೇ ಜೋರಿನಲ್ಲಿ, ಒಂದೇ ಸ್ವರದಲ್ಲಿ ಕೂಗುವ ಸಾಧನ ಅದು. ಅದರ ಜೋರು ಎಷ್ಟೆಂದು ಮೊದಲೇ ಗೊತ್ತು. ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಕೂಡ ಅಷ್ಟನ್ನೇ ತೋರಿಸಬೇಕು. ಇವತ್ತು ಕೂದಲೆಳೆಯಷ್ಟು ಹೆಚ್ಚು ತೋರಿಸುತ್ತಿದೆ. ಸರಿಪಡಿಸುತ್ತಾರೆ. "ಮದ್ಲ ತಕ್ಕಡಿ ಸರಿ ಅದಾ ಇಲ್ಲ ನೋಡ್ಬೇಕಲ್ರಿ, ತೂಕ ಆಮ್ಯಾಲ" ಎನ್ನುತ್ತಾ ಉದ್ದನೆಯ ಕೇಬಲ್ ಎಳೆದುಕೊಂಡು ಹೊರಗೆ ಬಂದು, ಬಾಗಿಲು ಮುಚ್ಚಿ, ಪಡಸಾಲೆಯಲ್ಲಿ ಕೂರುತ್ತಾರೆ. "ಖೋಲ್ಯಾಗ ನಾ ಇದ್ರ ನನ್ನ ಉಸಿರೂ ಲೆಕ್ಕಕ್ಕ ಬರ್ತದ."

ಸ್ವಲ್ಪ ಹೊತ್ತಿನಲ್ಲಿ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರಲಿದ್ದಾರೆ. ಕಿವಿ ಪರೀಕ್ಷೆಯ ಶಿಬಿರ. ಪರೀಕ್ಷೆ ಮಾಡುವವರು ಡಾಕ್ಟರ್ ಸಂಗಮೇಶ್ವರ. ಅವರಿಗಿಂತ ಮೊದಲೇ ಬಂದು, ಪರೀಕ್ಷೆಗೆ ತಕ್ಕಷ್ಟು ನಿಶ್ಶಬ್ದ ಯಾವ ಕೋಣೆಯಲ್ಲಿದೆ ಎಂದು ಅಳೆದು ಹೇಳುವುದು ಜಯಮಾಲಾ ಅವರ ಕೆಲಸ. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿ ಶಿಬಿರವಿದ್ದರೂ ಹಿಂದಿನ ಸಂಜೆಯ ಬಸ್ಸು ಹಿಡಿಯುತ್ತಾರೆ. ಸದ್ದುಗದ್ದಲವಿಲ್ಲದ ಕೋಣೆ ಈ ಸೀಮೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಒಂದೆಡೆ ಕಲ್ಲಿನ ಖಣಿ, ಇನ್ನೊಂದೆಡೆ ಸಿಮೆಂಟಿನ ಲಾರಿ, ವಾಡಿ ಜಂಕ್ಷನ್ನಿನ ಗೂಡ್ಸ್ ರೈಲು. ಐನಾಪುರದಲ್ಲಿ ಒಮ್ಮೆ ಎಲ್ಲ ಕೋಣೆಗಳನ್ನೂ ಬಿಟ್ಟು, ಜೋಳದ ಚೀಲಗಳು ತುಂಬಿದ್ದ ಗೋದಾಮನ್ನು ಆರಿಸಿದ್ದರಂತೆ. ಚೀಲಗಳು ಸದ್ದನ್ನು ನುಂಗಿಕೊಂಡಿದ್ದವು.

ಇಷ್ಟು ಪಾಡು ಯಾಕೆ ಎಂದು ಕೇಳಿದರೆ ಜಯಮಾಲಾ ತಂಗಿಯ ಕಥೆ ಹೇಳುತ್ತಾರೆ.

ಊರು ಶಹಾಬಾದ. ತಂದೆ ಜಟ್ಟೆಪ್ಪ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಮಾಡುತ್ತಿದ್ದವರು. ಮಷಿನಿನ ಮುಂದೆ ನಿಂತು ನಿಂತು ಅವರ ಕಿವಿ ಮಂದವಾಯಿತು. ಚಿಕ್ಕ ಮಗಳು ಅಂಬಿಕಾ ಮಾತು ಕಲಿಯುವುದು ತಡವಾದಾಗ, ತನ್ನದೇ ಕಿವಿ ಮಗಳಿಗೂ ಬಂತೇನೋ ಎಂದು ಹೆದರಿ ಅವಳನ್ನು ಒಂದು ಶಿಬಿರಕ್ಕೆ ಎತ್ತಿಕೊಂಡು ಹೋದರು. ಪರೀಕ್ಷೆ ನಡೆದ ಕೋಣೆಯ ಕಿಟಕಿಯಾಚೆ ಜನರೇಟರ್ ಓಡುತ್ತಿತ್ತು. ಕಿವಿಯಲ್ಲಿ ಸಣ್ಣಗೆ ಸದ್ದು ಕೇಳಿದಾಗ ಕೈ ಎತ್ತಬೇಕೆಂದು ಮಗುವಿಗೆ ಹೇಳಿದ್ದರು. ಮಗು ಕೈ ಎತ್ತಲಿಲ್ಲ. ಪೂರ್ತಿ ಕಿವುಡು ಎಂದು ಬರೆದು ಕಳಿಸಿದರು.

"ಮನೀಗಿ ಬಂದ್ ಮ್ಯಾಲ ಏನಾಯ್ತಂದ್ರ," ಎನ್ನುತ್ತಾರೆ ಜಯಮಾಲಾ, "ಹ್ಯಾಂಗೂ ಕೇಳಂಗಿಲ್ಲ ಅಂತ ನಾವೆಲ್ಲಾ ಆಕಿ ಕೂಡ ಮಾತಾಡೋದೇ ಬಿಟ್ಟೇವ್ರಿ. ಯಾರೂ ಬೇಕಂತ ಬಿಡಲಿಲ್ಲ. ತಾನಾಗೇ ಬಿಟ್ಟು ಹೋಯ್ತು. ಉಣ್ಣಾಕ ಕರೀಬೇಕಂದ್ರೂ ಕೈ ಹಿಡಿದು ಎಳಕೊಂಡು ಬರ್ತಿದ್ವಿ."

ಹೀಗೆ ಆರು ವರ್ಷ ಕಳೆದವು. ಕಲಬುರಗಿಯಲ್ಲಿ ಡಾಕ್ಟರ್ ಸಂಗಮೇಶ್ವರ ಸದ್ದು ಹೊಗದ ಕೋಣೆಯಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ, ಅಂಬಿಕಾಳ ಒಂದು ಕಿವಿ ಮಂದ, ಇನ್ನೊಂದು ಸಾಕಷ್ಟು ಚೆನ್ನಾಗಿದೆ ಎಂದು ತಿಳಿಯಿತು. ಕಿವಿಗೆ ಮಷಿನ್ ಹಾಕಿದರೆ ಮಾತು ಕಲಿಯುತ್ತಾಳೆ, ಆದರೆ ತಡವಾಗಿದೆ ಎಂದರು ಡಾಕ್ಟರ್. ಹೊರಗೆ ಬಂದ ಜಟ್ಟೆಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವರು ಬಹಳ ಹೊತ್ತು ಏಳಲಿಲ್ಲವಂತೆ.

ಆಗ ಜಯಮಾಲಾ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದರು. ಓದು ಮುಗಿದದ್ದೇ ಡಾಕ್ಟರ ಬಳಿ ಹೋಗಿ, ಕೋಣೆಯ ಸದ್ದು ಅಳೆಯುವುದನ್ನು ಕಲಿಸಿ ಎಂದು ಕೇಳಿದರು. ಮೈಕ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅವರೇ ಕಲಿಸಿದರು.

ಮಾತಿನ ನಡುವೆಯೇ ಪರದೆ ಬದಲಾಗುತ್ತದೆ. ಒಟ್ಟು ಸದ್ದಿನ ಅಂಕಿ ಹೆಚ್ಚೇನೂ ಏರಿಲ್ಲ. ಆದರೆ ಸದ್ದನ್ನು ಸ್ವರಸ್ವರವಾಗಿ ಬಿಡಿಸಿ ತೋರಿಸುವ ಗೆರೆಯಲ್ಲಿ ಎಡಗಡೆ, ತಗ್ಗು ಸ್ವರಗಳಿರುವ ಕಡೆ, ದಿನ್ನೆಯೊಂದು ಎದ್ದಿದೆ. ಪಕ್ಕದಲ್ಲೇ ಕೂತ ನನ್ನ ಕಿವಿಗೆ ಏನೂ ಕೇಳಿಸುವುದಿಲ್ಲ. "ನಮಗ ರೂಢಿ ಆಗ್ಯದ್ರಿ, ಅದಕ್ಕ ಗೊತ್ತಾಗಂಗಿಲ್ಲ. ಕಿವಿಯೊಳಗ ಬಿಡೋ ಸಣ್ಣ ಸದ್ದು ಇದರ ತಳಗ ಮುಚ್ಚಿ ಹೋಗ್ತದ," ಎನ್ನುತ್ತಾ ಎದ್ದು ಗೋಡೆಗೆ ಅಂಗೈ ಇಡುತ್ತಾರೆ. ಗೋಡೆ ಸಣ್ಣಗೆ ನಡುಗುತ್ತಿದೆ.

ಗೋಡೆಯಾಚೆ ಅಮೀರ್ಬೀ ಅವರ ಹಿಟ್ಟಿನ ಗಿರಣಿ. ಮೋಟಾರು ಆಗಷ್ಟೇ ಶುರುವಾಗಿದೆ. ಜೋಳದ ಡಬ್ಬಿ ಹಿಡಿದ ಹೆಂಗಸರು ಸಾಲುಗಟ್ಟಿದ್ದಾರೆ. ಜಯಮಾಲಾ ಸಂಗತಿ ವಿವರಿಸುತ್ತಾರೆ. ಅಮೀರ್ಬೀ ಹಿಟ್ಟು ಹತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳುತ್ತಾರೆ.

"ಗಿರಣಿ ಬಂದ್ ಮಾಡಿದ್ರ ಮಕ್ಕಳಿಗಿ ಕೇಳಸ್ತದೇನು?"

"ಕೇಳೋ ಮಕ್ಕಳಿಗಿ ಕೇಳಸ್ತದ ಚಾಚಿ. ಕೇಳದೇ ಇದ್ದೋರು ಯಾರಂತ ನಮಗ ಗೊತ್ತಾಗ್ತದ."

ಸಾಲಿನಲ್ಲಿದ್ದ ಒಬ್ಬಾಕೆ ಗೊಣಗುತ್ತಾರೆ. ಅಮೀರ್ಬೀ ಅವರತ್ತ ತಿರುಗಿ, "ಡಬ್ಬಿ ಇಟ್ಟು ಹೋಗ್ರಿ. ಮಧ್ಯಾಹ್ನ ಬೀಸಿ ಇಟ್ಟಿರ್ತೀನಿ," ಎಂದು ಮೋಟಾರು ನಿಲ್ಲಿಸುತ್ತಾರೆ. ಪಡಸಾಲೆಗೆ ಮರಳಿದಾಗ ಪರದೆಯ ದಿನ್ನೆ ಇಳಿದಿದೆ. ಜಯಮಾಲಾ ಮತ್ತೊಮ್ಮೆ ಅಳೆದು, ಡಾಕ್ಟರಿಗೆ ಫೋನ್ ಮಾಡಿ, "ಖೋಲಿ ತಯಾರ್ ಅದಾ ಸರ್, ಬರ್ರಿ" ಎನ್ನುತ್ತಾರೆ.

ಮೊದಲು ಒಳಗೆ ಹೋದವಳು ಭುವನೇಶ್ವರಿ, ಎರಡನೇ ತರಗತಿಯ ಹುಡುಗಿ. ಕರೆದರೆ ತಿರುಗಿ ನೋಡುವುದಿಲ್ಲವೆಂದು ಶಾಲೆಯವರು ಹೇಳಿದ್ದರಿಂದ ಅಜ್ಜಿ ಗುರುಲಿಂಗಮ್ಮ ಕರೆತಂದಿದ್ದಾರೆ. ಅಜ್ಜಿ ಬಾಗಿಲ ಬಳಿ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾರೆ. ಬಾಗಿಲಿನ ಗಾಜಿನಲ್ಲಿ ಹುಡುಗಿಯ ಬೆನ್ನು ಮಾತ್ರ ಕಾಣುತ್ತದೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಅವಳ ಬಲಗೈ ಮೇಲೇಳುತ್ತದೆ. ಮತ್ತೊಮ್ಮೆ. ಮತ್ತೂ ಒಮ್ಮೆ. ಕಿವಿಯ ಒಳಭಾಗದಲ್ಲಿ ನೀರು ತುಂಬಿದೆ, ಔಷಧದಿಂದ ಗುಣವಾಗುವ ಸಾಧ್ಯತೆ ಹೆಚ್ಚು ಎನ್ನುತ್ತಾರೆ ಡಾಕ್ಟರ್. ಅಜ್ಜಿ ನಿಂತಲ್ಲೇ ಮೊಮ್ಮಗಳ ಎರಡೂ ಕಿವಿಗಳನ್ನು ಸವರುತ್ತಾರೆ.

ಅವಳ ನಂತರ ಹೋದ ಮಗು ಕೈ ಎತ್ತುವುದಿಲ್ಲ. ಕೋಣೆ ಅಷ್ಟೇ ನಿಶ್ಶಬ್ದವಾಗಿದೆ. ಜಯಮಾಲಾ ಪರದೆಯಿಂದ ಕಣ್ಣು ತೆಗೆಯುವುದಿಲ್ಲ. "ಕೇಳಂಗಿಲ್ಲ ಅನ್ನೋದೂ ಖರೇನೇ ಆಗಬೇಕಲ್ರಿ," ಎಂದಷ್ಟೇ ಹೇಳುತ್ತಾರೆ.

ಶಹಾಬಾದದ ಮನೆಯಲ್ಲಿ ಅಂಬಿಕಾ ಈಗ ಬಟ್ಟೆ ಹೊಲಿಯುತ್ತಾರೆ. ಮಾತು ನಿಧಾನ, ಆದರೆ ಸ್ಪಷ್ಟ. ಚಿಕ್ಕಂದಿನ ಆ ವರ್ಷಗಳ ಬಗ್ಗೆ ಕೇಳಿದರೆ ಹೊಲಿಗೆ ನಿಲ್ಲಿಸಿ ಅಕ್ಕನ ಕಡೆ ನೋಡುತ್ತಾರೆ. "ಅವ್ವ ಅಳೋದು ಕೇಳಸ್ತಿತ್ತು. ನನಗ ಕೇಳಂಗಿಲ್ಲಂತ ತಿಳಿದು ಜೋರಾಗೇ ಅಳತಿದ್ಳು."

ಜಯಮಾಲಾ ಅವರದು ಒಂದೇ ಆಸೆ. "ಒಂದೊಂದು ತಾಲೂಕಿನಾಗ ಒಂದೊಂದು ಖೋಲಿ ಕಟ್ಟಿಸಬೇಕ್ರಿ, ಆವಾಜ್ ಒಳಗ ಬರಲಾರದಂಥದು. ಭಾಳ ದೊಡ್ಡದೇನೂ ಬ್ಯಾಡ. ಒಂದು ಕೂಸು, ಅದರ ಅವ್ವ, ಡಾಕ್ಟರು ಕುಂದರೋವಷ್ಟು ಇದ್ರ ಸಾಕು."