ಕೆಂಪಂಚಿನ ಚಾದರ

ಜಿಎಸ್‌ಟಿ ಬಂದ ಮರುವರ್ಷದ ಮಾತು. ನಾನು ಆಗ ಸೋಲಾಪುರದಲ್ಲಿ ಚಾದರ, ಟಾವೆಲ್ ವ್ಯಾಪಾರ ಮಾಡುವ ಒಂದು ಪೇಢಿಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ಇದ್ದವನು ನಾನೊಬ್ಬನೇ, ಹಾಗಾಗಿ ಮುಖ್ಯಸ್ಥನೂ ನಾನೇ. ವಳಸಂಗದ ಕನ್ನಡ ಶಾಲೆಯಲ್ಲಿ ಓದಿ, ಸೋಲಾಪುರದಲ್ಲಿ ಡಿಪ್ಲೊಮಾ ಮುಗಿಸಿದವನು ನಾನು. ನೌಕರಿಯ ಅಷ್ಟೂ ವರ್ಷ ವಳಸಂಗದಿಂದ ಬಸ್ಸಿನಲ್ಲೇ ಓಡಾಡಿದೆ. ನಿವೃತ್ತನಾದ ಮೇಲೆ ಕೆಲವರು ಕೇಳುತ್ತಾರೆ, ನಿಮಗೆ ಮರೆಯಲಾಗದ ಕೆಲಸ ಯಾವುದು ಎಂದು. ನನಗೆ ಪ್ರತಿ ಸಲವೂ ಇದೊಂದೇ ನೆನಪಾಗುತ್ತದೆ. ಇದರಲ್ಲಿ ನನ್ನ ಹೆಂಡತಿ ಸುಮಿತ್ರಾ ಅರ್ಧ ದಿನದ ಮಟ್ಟಿಗೆ ಬಂದು ಹೋಗುತ್ತಾಳೆ. ಕಳೆದ ದೀಪಾವಳಿ ಮುಗಿದ ವಾರದಲ್ಲಿ ಅವಳು ತೀರಿಕೊಂಡಳು. ಬರೆಯಲು ಕೂತರೆ ಆ ಅರ್ಧ ದಿನ ಮತ್ತೆ ಸಿಗುತ್ತದೆ, ಅಷ್ಟೇ ನನ್ನ ಸ್ವಾರ್ಥ.

ಪೇಢಿಯ ಮುಖ್ಯ ಅಂಗಡಿ ಸೋಲಾಪುರದ ಪೇಠೆಯಲ್ಲಿತ್ತು. ಅಲ್ಲಿಗೆ ಬರುವವರು ಹೆಚ್ಚಾಗಿ ಮಂಗಳವೇಢೆಯಂಥ ಊರುಗಳ ಸಗಟು ಗಿರಾಕಿಗಳು. ಅವರು ಬರುವ ಮೊದಲೇ ಒಳಗಿನ ಕೌಂಟರುಗಳಲ್ಲಿ ಫೋನಿನ ಆರ್ಡರುಗಳ ಬಿಲ್ ಮಾಡುವುದು ಶುರುವಾಗುತ್ತಿತ್ತು. ಅಕ್ಕಲಕೋಟೆಯಲ್ಲಿ ಸ್ವಾಮಿಗಳ ದರ್ಶನಕ್ಕೆ ಬರುವ ಯಾತ್ರಿಕರಿಗಾಗಿ ಒಂದು ಶಾಖೆ ಇತ್ತು. ಎರಡೂ ಕಡೆಯ ಬಿಲ್ಲುಗಳು ಸೋಲಾಪುರದ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಒಂದೇ ಸರ್ವರಿಗೆ ಬರುತ್ತಿದ್ದವು. ಯಾವ ಮಾಲು ಎಷ್ಟಿದೆ, ಯಾರಿಗೆ ಎಷ್ಟು ಹೋಯಿತು ಎಂಬುದೆಲ್ಲ ಅದರ ಡೇಟಾಬೇಸಿನಲ್ಲಿ. ಎಲ್ಲ ಕೌಂಟರುಗಳೂ ಅದರಿಂದಲೇ ಓದಬೇಕು, ಅದರಲ್ಲೇ ಬರೆಯಬೇಕು.

ಮಾಲೀಕರಿಗೆ ಎಪ್ಪತ್ತು ದಾಟಿತ್ತು. ಇಡೀ ಪೇಠೆ ಅವರನ್ನು ದಾದಾ ಎನ್ನುತ್ತಿತ್ತು, ಅವರ ಮಗ ಸಂತೋಷನೂ ಹಾಗೇ ಕರೆಯುತ್ತಿದ್ದ. ವ್ಯವಹಾರವನ್ನು ಸಂತೋಷ ನೋಡಿಕೊಳ್ಳುತ್ತಿದ್ದ. ದಾದಾ ಬಾಗಿಲ ಹತ್ತಿರದ ಗದ್ದಿಯ ಮೇಲೆ ತಮ್ಮದೊಂದು ಕಂಪ್ಯೂಟರ್ ಇಟ್ಟುಕೊಂಡು ಕೂಡುತ್ತಿದ್ದರು.

ಆ ವರ್ಷ ಶ್ರಾವಣದ ಹೊತ್ತಿಗೆ ಸರ್ವರ್ ಆಗಾಗ ನಿಧಾನವಾಗತೊಡಗಿತು. ಬೆಳಿಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಅಕ್ಕಲಕೋಟೆಯ ಒಂದು ಕೌಂಟರ್ ನಿಲ್ಲುತ್ತಿತ್ತು, ಆಮೇಲೆ ಇನ್ನೊಂದು. ಕಡೆಗೆ ಸೋಲಾಪುರದ ಕೌಂಟರುಗಳೂ ಒಂದೊಂದಾಗಿ ನಿಂತು, ತೆರೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತ ಕೂಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಯಾರೂ ಏನೂ ಮಾಡದೆಯೇ, ಎಲ್ಲ ಬಿಲ್ಲುಗಳೂ ಒಮ್ಮೆಲೇ ಹೊರಬೀಳುತ್ತಿದ್ದವು. ಕೆಲವು ದಿನ ಕಣ್ಣಿಗೇ ಬೀಳದಷ್ಟು ಕಡಿಮೆ, ಕೆಲವು ದಿನ ಒಂದು ತಾಸು. ಕೆಲವು ವಾರ ಸುದ್ದಿಯೇ ಇಲ್ಲ. ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ನಾವು ಹೋಗಿ ನಿಂತ ಕೂಡಲೇ ನೆಟ್ಟಗಾಗುವ ಯಂತ್ರದ ಮುಂದೆ ನಾವೇ ಸುಳ್ಳುಗಾರರಂತೆ ಕಾಣುತ್ತೇವೆ.

ಒಂದು ದಿನ ಸಂತೋಷ ನನ್ನ ಕೋಣೆಗೆ ಬಂದ.

“ಕಾಕಾ, ಇದು ಸುರುವಾಗೂದು ಯಾವಾಗ್ಲೂ ಅಕ್ಕಲಕೋಟಿಂದ. ಆ ಮಹಾನಂದಾನ ಕೌಂಟರಿಂದ. ತಿಲಾ ಜಮತ ನಾಹಿ, ಆಕಿಗೆ ಆಗೂದಿಲ್ಲ. ದೀಪಾವಳಿ ಗಿರಾಕಿ ಗರ್ದಿ ಸುರುವಾಗೂದ್ರಾಗ ಬ್ಯಾರೆ ಯಾರನ್ನಾರ ಇಡ್ತೀನಿ.”

“ಆಕಿ ಕಂಪ್ಯೂಟರ್ ಕಲತು ಎರಡು ವರ್ಷ ಆತಲ್ಲೋ,” ಎಂದೆ.

“ಮತ್ತ ನಿಮ್ಮ ಸರ್ವರ್ ಕೆಟ್ಟೈತೇನು? ಎರಡರಾಗ ಒಂದು ಹೇಳ್ರಿ.”

ಮಹಾನಂದಾ ಚಪಳಗಾಂವದಿಂದ ದಿನಾ ಅಕ್ಕಲಕೋಟೆಗೆ ಬರುತ್ತಿದ್ದ ಹೆಣ್ಣುಮಗಳು. ಅವಳ ಪಗಾರದ ಮೇಲೆ ಇಬ್ಬರು ಹುಡುಗಿಯರ ಓದು ನಡೆದಿತ್ತು. ನಾನು ಫೋನ್ ಮಾಡಿ ಕೇಳಿದರೆ ಅಳಲಿಲ್ಲ, ಜಗಳಕ್ಕೇ ಬಂದಳು. “ಸರ, ಒತ್ತೂದು ಒತ್ತೀನಿ. ಅದು ಮುಂದ ಹೋಗ್ಲಿಲ್ಲಂದ್ರ ನಾ ಹಿಂದಿಂದ ದಬ್ಬಾಕ ಬರ್ತೈತೇನ್ರಿ? ಟಮಟಮ್ ರಿಕ್ಷಾ ಏನ್ರಿ ಅದು?”

ನಾನು ತಿಳಿದ ಔಷಧಿಗಳನ್ನೆಲ್ಲ ಕೊಟ್ಟು ನೋಡಿದೆ. ಅಕ್ಕಲಕೋಟೆಯ ಇಂಟರ್‌ನೆಟ್ ಲೈನ್ ಬದಲಾಯಿಸಿದೆ. ಸರ್ವರಿಗೆ ಮೆಮೊರಿ ಹೆಚ್ಚಿಸಿದೆ. ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟಿದೆ. ಇಂಡೆಕ್ಸ್ ಎಂದರೆ ದೊಡ್ಡ ಪುಸ್ತಕದ ಕೊನೆಯಲ್ಲಿ ಇರುವ ಪದಸೂಚಿ ಇದ್ದಂತೆ, ಅದು ಹಳೆಯದಾದರೆ ಹುಡುಕುವುದು ತಡವಾಗುತ್ತದೆ. ಬ್ಯಾಕಪ್ಪಿನ ವೇಳೆ ಬದಲಿಸಿದೆ. ಅಂದಂದಿನ ಬಿಲ್ಲುಗಳನ್ನೆಲ್ಲ ತೆಗೆದು, ಯಾವುದಾದರೂ ಬಿಲ್ ವಿಪರೀತ ದೊಡ್ಡದಿದೆಯೇ ಎಂದು ನೋಡಿದೆ. ಎಲ್ಲವೂ ಸರಿಯಾಗಿತ್ತು, ಸರ್ವರ್ ಮಾತ್ರ ತನಗೆ ಬೇಕಾದಾಗ ನಿಲ್ಲುತ್ತಿತ್ತು. ಉಳಿದದ್ದು ಒಂದೇ ದಾರಿ, ಮಹಾನಂದಾಳ ಪಕ್ಕದಲ್ಲಿ ಕೂತು ಕಣ್ಣಾರೆ ನೋಡುವುದು. ಅವಳ ಕೈಯಲ್ಲೇ ತಪ್ಪು ಕಂಡರೆ ಏನು ಮಾಡಲಿ ಎಂಬ ಹೆದರಿಕೆಯೂ ನನಗಿತ್ತು.

ಗುರುವಾರ ಅಕ್ಕಲಕೋಟೆಯಲ್ಲಿ ಜನ ಹೆಚ್ಚು. ಆ ದಿನವೇ ಹೊರಟೆ. ಸುಮಿತ್ರಾ ಆಗಲೇ ಸೀರೆ ಬದಲಿಸಿ ನಿಂತಿದ್ದಳು.

“ನನ್ನೂ ಕರಕೊಂಡು ಹೋಗ್ರಿ. ನೀವು ನಿಮ್ಮ ಸರ್ವರ್ ದರ್ಶನ ಮಾಡ್ರಿ, ನಾ ಸ್ವಾಮಿ ದರ್ಶನ ಮಾಡ್ತೀನಿ. ಯಾರಿಗೆ ಲಗೂನ ಆಗ್ತೈತಿ ನೋಡೂಣಂತ.”

ಅವಳಿಗೇ ಲಗೂನ ಆಯಿತು. ನಾನು ಅಂಗಡಿಯಲ್ಲಿ ಕೂತು ಏನೂ ಕಾಣದೆ ಬೇಸತ್ತಿದ್ದಾಗ ಅವಳು ಪ್ರಸಾದ ಹಿಡಿದು ಬಂದಳು. ಬಂದವಳು ಸುಮ್ಮನೆ ಕೂಡಲಿಲ್ಲ. ಕೆಂಪು ಅಂಚಿನ ಒಂದು ಚಾದರ ಆರಿಸಿ ಮಹಾನಂದಾಳ ಮುಂದಿಟ್ಟಳು. ಅದು ಪೇಢಿಯ ಹಳೆಯ ಮಾಲು, ಯಾತ್ರಿಕರು ಬಹಳ ಒಯ್ಯುವುದು ಅದನ್ನೇ.

“ನೌಕರಿ ಮಾಡೋರ ಹೆಂಡ್ತಿಗೆ ಏನರ ಕಮ್ಮಿ ಮಾಡ್ತೀರೇನ್ರಿ?”

“ನಿಮ್ಮ ಯಜಮಾನ್ರು ಈ ಯಂತ್ರ ನೆಟ್ಟಗ ಮಾಡಿದ್ರ ಮಾಡ್ತೀನ್ರಿ ವೈನಿ,” ಎಂದಳು ಮಹಾನಂದಾ.

ಮಾಲಿನ ಹೆಸರು ಹಾಕಿದಳು. ಚಕ್ರ ತಿರುಗತೊಡಗಿತು. ನಾನು ಎದ್ದು ಅವಳ ಹಿಂದೆ ನಿಂತೆ. ಅವಳು ಒತ್ತಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಸುಮಿತ್ರಾ ಸ್ಟೂಲಿನ ಮೇಲೆ ಕೂತಳು. ಪಕ್ಕದ ಕೌಂಟರಿನಲ್ಲಿ ಒಬ್ಬಾಕೆ ಟಾವೆಲ್ ಕೊಂಡು, ಬಿಲ್ ತೆಗೆದುಕೊಂಡು ಹೋದಳು. ಇನ್ನೊಬ್ಬರೂ ಹೋದರು.

“ಏನ್ರಿ,” ಎಂದಳು ಸುಮಿತ್ರಾ, “ನನ್ನ ಹಿಂದ ಬಂದಾಕಿ ಟಾವೆಲ್ ತಗೊಂಡು, ಚಾ ಕುಡದು, ಬಸ್ ಹತ್ತಿರಬೇಕು. ನನ್ನ ಚಾದರ ಇನ್ನೂ ನೇಯಾಕತ್ತಾರೇನು?”

ಮಹಾನಂದಾ ನಕ್ಕಳು. ನಾನು ನಗಲಿಲ್ಲ. ಒಂದೇ ಅಂಗಡಿ, ಒಂದೇ ಲೈನ್, ಒಂದೇ ಸರ್ವರ್. ಟಾವೆಲ್ ಹೋಗುತ್ತದೆ, ಚಾದರ ನಿಲ್ಲುತ್ತದೆ. ಸರ್ವರಿಗೆ ಸುಸ್ತಾಗಿದ್ದರೆ ಎರಡೂ ನಿಲ್ಲಬೇಕಿತ್ತು. ಅಷ್ಟರಲ್ಲಿ ಪಕ್ಕದ ಕೌಂಟರಿನಲ್ಲಿ ಒಬ್ಬರು ಎರಡು ಟಾವೆಲಿನ ಜೊತೆ ಅದೇ ಕೆಂಪಂಚಿನ ಚಾದರ ಕೇಳಿದರು. ಆ ಕೌಂಟರೂ ನಿಂತಿತು.

ಇಲ್ಲಿ ಲಾಕ್ ಎಂಬ ಮಾತನ್ನು ಹೇಳಬೇಕು. ಉಳಿದಿರುವ ಒಂದೇ ಚಾದರವನ್ನು ಇಬ್ಬರು ಮಾರಬಾರದು ಎಂದು, ಬಿಲ್ಲಿನಲ್ಲಿ ಒಂದು ಮಾಲು ಬರೆದ ಕೂಡಲೇ ನಮ್ಮ ಸಾಫ್ಟ್‌ವೇರ್ ಡೇಟಾಬೇಸಿನಲ್ಲಿ ಆ ಮಾಲಿನ ಲೆಕ್ಕದ ಸಾಲನ್ನು ಹಿಡಿದಿಡುತ್ತಿತ್ತು. ಬಿಲ್ ಮುಗಿಸಿದರೆ ಅಥವಾ ಅಳಿಸಿದರೆ ಬಿಡುತ್ತಿತ್ತು. ಅಲ್ಲಿಯವರೆಗೆ ಅದೇ ಮಾಲು ಬೇಕಾದ ಉಳಿದವರು ಕಾಯಬೇಕು. ಬಿಲ್ ಬೇಗ ಮುಗಿಯುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಯಾರಾದರೂ ಹಿಡಿದು ಕೂತೇ ಬಿಟ್ಟರೆ? ಕಾಯುವವನ ಬಿಲ್ಲಿನಲ್ಲಿ ಎರಡು ಟಾವೆಲ್ ಇದ್ದರೆ ಆ ಟಾವೆಲುಗಳೂ ಸಿಕ್ಕಿಬೀಳುತ್ತವೆ. ಅವು ಬೇಕಾದವನು ಇವನಿಗಾಗಿ ಕಾಯುತ್ತಾನೆ. ಹೀಗೆ ಸರಪಳಿ ಬೆಳೆದು ಇಡೀ ಪೇಢಿ ನಿಲ್ಲುತ್ತದೆ. ಅಕ್ಕಲಕೋಟೆಯಲ್ಲಿ ಆ ಚಾದರದ ಮಾರಾಟ ಹೆಚ್ಚು, ಅದಕ್ಕೇ ಮೊದಲು ನಿಲ್ಲುವುದು ಅಕ್ಕಲಕೋಟೆ.

ಸೋಲಾಪುರಕ್ಕೆ ಫೋನ್ ಹಚ್ಚುವಷ್ಟರಲ್ಲಿ ಎಲ್ಲವೂ ಬಿಟ್ಟುಕೊಂಡು ಸುಮಿತ್ರಾಳ ಬಿಲ್ ಹೊರಬಂತು. ತಿರುಗಿ ಬರುವಾಗ ಬಸ್ಸಿನಲ್ಲಿ ಚಾದರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

“ಸಿಕ್ಕೇನ್ರಿ ಕಳ್ಳ?”

“ಕಳ್ಳ ಅಲ್ಲ. ಯಾರೋ ಈ ಚಾದರ ಬಿಗಿ ಹಿಡಕೊಂಡು ಕುಂತಾರ, ಬಿಡವಲ್ರು.”

“ಮತ್ತ ಹೋಗಿ ಬಿಡ್ರಿ ಅಂತ ಹೇಳ್ರಿ. ಅದಕ್ಕ ಇಷ್ಟು ಓದಬೇಕಿತ್ತೇನು?”

ಮರುದಿನದಿಂದ ಸೋಲಾಪುರದಲ್ಲಿ ಸರ್ವರ್ ಮುಂದೆಯೇ ಕೂತೆ. ನಿಂತ ಕೂಡಲೇ ಫೋನ್ ಮಾಡು ಎಂದು ಮಹಾನಂದಾಳಿಗೆ ಹೇಳಿದ್ದೆ. ಕೆಲವು ದಿನ ಏನೂ ಆಗಲಿಲ್ಲ. ಒಂದು ಮಳೆಯ ಬೆಳಿಗ್ಗೆ ಅವಳ ಫೋನ್ ಬಂತು. “ನಿಂತೈತ್ರಿ ಸರ, ಲಗೂ ನೋಡ್ರಿ!”

ಸರ್ವರಿನಲ್ಲಿ ಆ ಕ್ಷಣಕ್ಕೆ ಯಾರು ಯಾರು ಇದ್ದಾರೆ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ತೋರಿಸುವ ಒಂದು ಪಟ್ಟಿ ಇರುತ್ತದೆ. ಸರಪಳಿಯ ಒಂದೊಂದೇ ಕೊಂಡಿ ಹಿಡಿದು ಹೋದೆ. ತುದಿಯಲ್ಲಿದ್ದ ಕಂಪ್ಯೂಟರಿನ ಮುಂದೆ ‘ಸ್ಲೀಪಿಂಗ್’ ಎಂದಿತ್ತು. ಅಂದರೆ ಅದು ಏನೂ ಮಾಡದೆ ಸುಮ್ಮನೆ ಇದೆ. ನಾನು ಅಲ್ಲಿಯವರೆಗೆ ಹುಡುಕಿದ್ದು ಹೆಚ್ಚು ಕೆಲಸ ಮಾಡುವವರನ್ನು, ಗದ್ದಲ ಮಾಡುವವರನ್ನು. ಸುಮ್ಮನಿದ್ದವರ ಕಡೆ ನೋಡಿಯೇ ಇರಲಿಲ್ಲ. ಅದು ದಾದಾ ಅವರ ಗದ್ದಿಯ ಕಂಪ್ಯೂಟರ್.

ಅದನ್ನು ಅಲ್ಲಿಂದಲೇ ಕಡಿದು ಹಾಕುವ ಕಮಾಂಡ್ ಇದೆ. ಟೈಪ್ ಮಾಡಿದೆ ಕೂಡ. ಆದರೆ ಎಂಟರ್ ಒತ್ತದೆ ಎದ್ದು ಹೊರಗೆ ಹೋದೆ.

ದಾದಾ ಕೈ ಕಟ್ಟಿಕೊಂಡು ಬೀದಿಯ ಮಳೆ ನೋಡುತ್ತ ಕೂತಿದ್ದರು. ತೆರೆಯ ಮೇಲೆ ಮುಗಿಯದ ಒಂದು ಬಿಲ್. ಮಾಲು, ಕೆಂಪಂಚಿನ ಚಾದರ, ಒಂದು. ಗಿರಾಕಿಯ ಹೆಸರು, ಸೌ. ಕಮಲಾಬಾಯಿ.

ಕಮಲಾಬಾಯಿ ದಾದಾ ಅವರ ಹೆಂಡತಿ. ಅವರು ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ನಮ್ಮ ಕಡೆ ತೀರಿಕೊಂಡವರ ಹೆಸರಿಗೆ ಮೊದಲು ‘ಕೈ.’ ಎಂದು, ಅಂದರೆ ಕೈಲಾಸವಾಸಿ ಎಂದು ಬರೆಯುತ್ತಾರೆ. ದಾದಾ ಅದನ್ನು ಬರೆದಿರಲಿಲ್ಲ. ಕಮಲಾಬಾಯಿ ಇದ್ದಾಗ ದಿನಾ ಬೆಳಿಗ್ಗೆ ಮಹಡಿಯ ಮನೆಯಿಂದ ಇಳಿದು ಬಂದು ಒಂದು ಚಾದರ ಕೊಳ್ಳುತ್ತಿದ್ದರು. ಅದೇ ಅಂಗಡಿಯ ಬೋಣಿ, ದಿನದ ಮೊದಲ ವ್ಯಾಪಾರ. ಅವರ ಕೈಗುಣ ಒಳ್ಳೆಯದೆಂದು ದಾದಾ ಅವರ ನಂಬಿಕೆ. ಸಂಜೆ ಆ ಚಾದರ ಮತ್ತೆ ಕಪಾಟಿಗೆ ಹೋಗುತ್ತಿತ್ತು. ನಾವೆಲ್ಲ ನಗುತ್ತಿದ್ದೆವು, ಕಮಲಾಬಾಯಿಯೂ ನಗುತ್ತಿದ್ದರು.

ನನ್ನನ್ನು ನೋಡಿ ದಾದಾ ಸ್ವಲ್ಪ ಗಾಬರಿಯಾದರು. “ಮಳಿ ಐತಲ್ಲ ಈರಣ್ಣ, ಬಾಗಲಿಗೆ ಗಿರಾಕಿ ಇನ್ನೂ ಬಂದಿಲ್ಲ. ಬಂದ ಮ್ಯಾಲ ಅಳಸಿ ಬಿಡ್ತೀನಿ. ಲೆಕ್ಕಕ್ಕ ಬರೂದಿಲ್ಲ.”

ನನಗೆ ಉಳಿದದ್ದೆಲ್ಲ ತಿಳಿಯಿತು. ಕಮಲಾಬಾಯಿ ಹೋದ ಮೇಲೆ ಅವರ ಬೋಣಿಯನ್ನು ದಾದಾ ತಾವೇ ಬರೆದು, ಮೊದಲ ಗಿರಾಕಿ ಬರುವವರೆಗೆ ತೆರೆದಿಡುತ್ತಿದ್ದರು. ಮೊದಲ ಗಿರಾಕಿ ಬೇಗ ಬಂದ ದಿನ ಸರ್ವರಿಗೆ ಏನೂ ಆಗುತ್ತಿರಲಿಲ್ಲ. ತಡವಾದ ದಿನ ಎಲ್ಲ ನಿಲ್ಲುತ್ತಿತ್ತು. ಅಳಿಸಿದ ಬಿಲ್ಲಿಗೆ ಗುರುತು ಉಳಿಯುವುದಿಲ್ಲವಾದ್ದರಿಂದ ನನ್ನ ಹುಡುಕಾಟದಲ್ಲಿ ಅದು ಸಿಕ್ಕಿರಲಿಲ್ಲ.

ಗದ್ದಿಯ ಅಂಚಿಗೆ ಕೂತು ಹೇಳಿದೆ. “ದಾದಾ, ನೀವು ಇದನ್ನ ಹಿಡದಾಗ ಬ್ಯಾರೆ ಯಾರಿಗೂ ಆ ಚಾದರ ಸಿಗೂದಿಲ್ರಿ. ಅಕ್ಕಲಕೋಟ್ಯಾಗ ಮಹಾನಂದಾನ ಕೌಂಟರ್ ನಿಂತೈತಿ.”

“ಸಂತೋಷ ಆಕಿನ್ನ ತಗೀತೀನಿ ಅಂತಿದ್ದಲ್ಲ?”

“ಹೌದ್ರಿ. ಆದ್ರ ತಪ್ಪು ಆಕಿದಲ್ರಿ.”

“ನಂದು.”

“ನಿಮ್ದೂ ಅಲ್ರಿ. ಸಾಫ್ಟ್‌ವೇರ್ ಹಂಗೈತಿ.”

ಅವರು ಮೌಸ್ ಹಿಡಿದು ಬಿಲ್ ಅಳಿಸಿದರು. ಒಳಗಿನ ಕೌಂಟರುಗಳ ಪ್ರಿಂಟರುಗಳು ಒಮ್ಮೆಲೇ ಕರಕರ ಎಂದವು. ಸದ್ದು ನಿಲ್ಲುವವರೆಗೂ ದಾದಾ ಕೇಳುತ್ತಲೇ ಇದ್ದರು.

“ಇಷ್ಟು ಮಂದಿ ಕಾಯಾಕತ್ತಿದ್ರೇನು?” ಎಂದರು. ಆಮೇಲೆ, “ನಾಳಿಂದ ಬರೆಯೂದಿಲ್ಲ ಬಿಡು,” ಎಂದರು.

ಅವರು ಅದನ್ನು ಹೇಳಿದ ರೀತಿ ನನಗೆ ಸಹಿಸಲಾಗಲಿಲ್ಲ. “ಬರೀರಿ ದಾದಾ. ನನಗ ಇವತ್ತೊಂದು ದಿನ ಕೊಡ್ರಿ,” ಎಂದೆ.

ಮಾಡಿದ್ದು ದೊಡ್ಡ ಕೆಲಸವಲ್ಲ. ಮಾಲುಗಳ ಪಟ್ಟಿಯಲ್ಲಿ ‘ಕಮಲಾಬಾಯಿ ಬೋಣಿ’ ಎಂದು ಹೊಸದೊಂದು ಮಾಲು ಸೇರಿಸಿದೆ. ಅದು ಯಾವ ಕಪಾಟಿನಲ್ಲೂ ಇಲ್ಲ, ಯಾವ ಕೌಂಟರೂ ಮಾರುವುದಿಲ್ಲ. ಅದರ ಸಾಲನ್ನು ದಾದಾ ಸಂಜೆಯವರೆಗೆ ಹಿಡಿದು ಕೂತರೂ ಯಾರಿಗೂ ಅಡ್ಡಿಯಿಲ್ಲ. ಸರಿಯಾದ ಔಷಧಿ ಸಾಫ್ಟ್‌ವೇರನ್ನೇ ತಿದ್ದುವುದು. ಅದನ್ನು ಬರೆದವರಿಗೆ ತಿಳಿಸಿದೆ, ಮುಂದೆ ಅವರು ತಿದ್ದಿಯೂ ಕೊಟ್ಟರು. ಆದರೆ ಆ ಮಾಲನ್ನು ನಾನು ಪಟ್ಟಿಯಿಂದ ತೆಗೆಯಲಿಲ್ಲ. ದಾದಾ ಇರುವವರೆಗೂ ದಿನಾ ಬೆಳಿಗ್ಗೆ ಕಮಲಾಬಾಯಿಯವರ ಬೋಣಿ ನಡೆಯಿತು.

ಸಂತೋಷನಿಗೆ ದಾದಾ ತಾವೇ ಹೇಳಿದರು. ಎರಡು ದಿನದ ಮೇಲೆ ಮಹಾನಂದಾ ನನಗೆ ಫೋನ್ ಮಾಡಿದಳು. “ಸರ, ಸಂತೋಷ ಭಾವು ಮಾಫಿ ಕೇಳಿದ್ರು. ಹಿಂದಿಯೊಳಗ ಕೇಳಿದ್ರು. ಮರಾಠಿ, ಕನ್ನಡದಾಗ ಕೇಳಾಕ ನಾಚಿಕಿ ಬಂದಿರಬೇಕು!” ಅವಳು ಈಗಲೂ ಅಲ್ಲೇ ಇದ್ದಾಳೆ, ಶಾಖೆಯನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಹುಡುಗಿಯರ ಓದು ಮುಗಿದಿದೆ.

ಕಾಯುವವರು ನಮ್ಮ ಕಣ್ಣಿಗೆ ಬೀಳುತ್ತಾರೆ, ಹಿಡಿದು ಕೂತವರು ಕಾಣುವುದಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು. ಹಿಡಿದವರ ಕೈಯಿಂದ ಕಸಿದುಕೊಳ್ಳುವುದಕ್ಕಿಂತ, ಹಿಡಿದಿದ್ದನ್ನು ಇಡಲು ಬೇರೊಂದು ಜಾಗ ಮಾಡಿಕೊಡಬಹುದು ಎಂಬುದನ್ನೂ ಕಲಿಸಿತು. ಆದರೆ ಅದು ನನಗೂ ಸೇರಿದ ಮಾತೆಂದು ತಿಳಿಯಲು ಈ ವರ್ಷದವರೆಗೆ ಬೇಕಾಯಿತು.

ಸುಮಿತ್ರಾ ಹೋದ ಮೇಲೆ ಅವಳ ಹೊಲಿಗೆ ಯಂತ್ರ ಪಡಸಾಲೆಯ ಕಿಟಕಿಯ ಹತ್ತಿರ ಹಾಗೇ ಇತ್ತು. ಸೂಜಿಯ ಕೆಳಗೆ ಅವಳದೇ ಅರ್ಧ ಹೊಲಿದ ಝಂಪರು. ಅದನ್ನು ಯಾರೂ ಮುಟ್ಟಬಾರದೆಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಮಗ, ಸೊಸೆ ಪಕ್ಕಕ್ಕೆ ಸರಿದು ಓಡಾಡುತ್ತಿದ್ದರು. ಮೊಮ್ಮಗಳು ಅಡಿಗೆಮನೆಯ ನೆಲದ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದಳು. ಒಂದು ದಿನ ಅವಳು ಕಿಟಕಿಯ ಬೆಳಕನ್ನು ನೋಡುತ್ತ, “ಅಜ್ಜಾ, ಪರೀಕ್ಷಾ ಮುಗಿಯೂ ತನಕ ಅಷ್ಟ ನಾ ಅಲ್ಲಿ ಕುಂಡ್ರಲೇನು?” ಎಂದಳು. ಹಿಂದಿನಿಂದ ಸೊಸೆ ಅವಳಿಗೆ ಸುಮ್ಮನಿರು ಎಂದು ಕಣ್ಣು ಮಾಡಿದ್ದು ನನಗೆ ಕಾಣಿಸಿತು. ದಾದಾ ಅವರ ಮಾತು ನೆನಪಾಯಿತು. ಇಷ್ಟು ಮಂದಿ ಕಾಯಾಕತ್ತಿದ್ರೇನು?

ಅದೇ ದಿನ ಮಗನೂ ನಾನೂ ಯಂತ್ರವನ್ನು ಎತ್ತಿ ನನ್ನ ಕೋಣೆಯಲ್ಲಿ ಮಂಚದ ಪಕ್ಕಕ್ಕೆ ಇಟ್ಟೆವು. ಧೂಳು ಬೀಳದಂತೆ ಅಕ್ಕಲಕೋಟೆಯ ಆ ಕೆಂಪಂಚಿನ ಚಾದರ ಹೊದಿಸಿದೆ. ಕಿಟಕಿಯ ಹತ್ತಿರ ಈಗ ಮೊಮ್ಮಗಳ ಮೇಜು ಇದೆ. ಅವಳು ಮರಾಠಿ ಪಾಠಗಳನ್ನು ದೊಡ್ಡ ದನಿಯಲ್ಲಿ ಓದುತ್ತಾಳೆ, ನಾನು ಒಳಗೆ ಕೂತು ಕೇಳುತ್ತೇನೆ. ಸೂಜಿಯ ಕೆಳಗಿನ ಝಂಪರನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಅದಕ್ಕಾಗಿ ಈಗ ಯಾರೂ ಕಾಯಬೇಕಾಗಿಲ್ಲ.